ಮೇಷ್ಟ್ರು ತಾತನ ವರ್ಷದ ಸ್ಮರಣೆ: ಗದ್ದುಗೆ ಕಟ್ಟಿಸುವುದೋ, ಅವರು ನಡೆಸಿದ್ದನ್ನು ಮುಂದುವರಿಸುವುದೋ?

ಕಲ್ಪತರು ತೋಟ (ತಿಪಟೂರು ಕಡೆ)

ಎಲ್ಲರಿಗೂ ಶರಣು. ನಮ್ಮ ತಾತ ಹೋದ ವರ್ಷ ಕಾರ್ತಿಕ ಮಾಸದಲ್ಲಿ ಲಿಂಗೈಕ್ಯರಾದರು. ಊರಲ್ಲಿ ಅವರನ್ನು ಹೆಸರು ಹಿಡಿದು ಕರೆದವರು ಕಡಿಮೆ, ಎಲ್ಲರ ಬಾಯಲ್ಲೂ ಮೇಷ್ಟ್ರು. ವರ್ಷದ ಪುಣ್ಯಸ್ಮರಣೆ ಹತ್ತಿರ ಬರ್ತಿದೆ. ತೋಟದಲ್ಲಿ ಸಮಾಧಿ ಮಾಡಿರುವ ಕಡೆ ಗ್ರಾನೈಟ್ ಗದ್ದುಗೆ, ಮೇಲೆ ಮಂಟಪ ಕಟ್ಟಿಸಬೇಕು ಅಂತ ದೊಡ್ಡಪ್ಪನವರ ಆಸೆ. ಆ ದುಡ್ಡನ್ನು ತಾತ ಮಾಡುತ್ತಿದ್ದ ಕೆಲಸಕ್ಕೇ ಹಾಕೋಣ ಅಂತ ಚಿಕ್ಕಪ್ಪ. ಅಪ್ಪ ಇಬ್ಬರ ನಡುವೆ ಸುಮ್ಮನಿದ್ದಾರೆ. ಜಗಳ ಏನಿಲ್ಲ, ಆದರೆ ಮನೆಯಲ್ಲಿ ಯಾರಿಗೂ ಸಮಾಧಾನವಿಲ್ಲ. ನಿಮ್ಮ ನಿಮ್ಮ ಮನೆಗಳಲ್ಲಿ ಹಿರಿಯರನ್ನು ಹೇಗೆ ನೆನೆಯುತ್ತೀರಿ ಅಂತ ಕೇಳುವ ಮೊದಲು ತಾತ ಎಂಥವರು ಅಂತ ಹೇಳಿಬಿಡುತ್ತೇನೆ.

ತಾತ ಚಿಕ್ಕವರಿದ್ದಾಗಲೇ ಅವರಪ್ಪ ತೀರಿಕೊಂಡರು. ತಾಯಿ ಅವರನ್ನು ಕೈ ಹಿಡಿದು ಕರೆದುಕೊಂಡು ಹೋಗಿ ಸಿದ್ಧಗಂಗೆಯಲ್ಲಿ ಬಿಟ್ಟು ಬಂದರು. 1941ರಲ್ಲಿ ಉದ್ದಾನ ಶಿವಯೋಗಿಗಳು ಲಿಂಗೈಕ್ಯರಾಗಿ ಮಠದ ಪೂರ್ತಿ ಹೊಣೆ ಶಿವಕುಮಾರ ಸ್ವಾಮಿಗಳ ಹೆಗಲಿಗೆ ಬಂದಿದ್ದ ಹೊಸತು. ಯುದ್ಧದ ಕಾಲ, ಊರೂರಲ್ಲೂ ಧಾನ್ಯಕ್ಕೆ ತತ್ವಾರ. ಸ್ವಾಮಿಗಳು ಹಳ್ಳಿ ಹಳ್ಳಿ ತಿರುಗಿ ಭಿಕ್ಷೆ ತಂದು ಮಕ್ಕಳಿಗೆ ಇಡುತ್ತಿದ್ದರಂತೆ. ತಾತ ಅಲ್ಲಿ ಒಂದು ಕಾಸು ಕೊಡದೆ ಉಂಡು, ಓದಿ, ಪ್ರೈಮರಿ ಶಾಲೆ ಮೇಷ್ಟ್ರಾಗಿ ನಮ್ಮ ಸೀಮೆಗೆ ವಾಪಸ್ಸು ಬಂದರು.

ಅವರ ಭಕ್ತಿ ಬಹಳ ಸದ್ದಿಲ್ಲದ್ದು. ಬೆಳಗಿನ ಜಾವ ಎದ್ದು ತಣ್ಣೀರು ಸ್ನಾನ, ವಿಭೂತಿ, ಅಂಗೈಯಲ್ಲಿ ಇಷ್ಟಲಿಂಗ ಇಟ್ಟು ಪೂಜೆ. ಪೂಜೆಯಾಗದೆ ಬಾಯಿಗೆ ನೀರು ಹಾಕುತ್ತಿರಲಿಲ್ಲ. ಮದುವೆ ಮನೆಗೆ ಹೋದರೂ ಒಂದು ಮೂಲೆ, ಒಂದು ತಂಬಿಗೆ ನೀರು ಸಿಕ್ಕರೆ ಸಾಕು. ನಮಗೆ ಮೊಮ್ಮಕ್ಕಳಿಗೆ ಒಂದು ದಿನವೂ ಕೂರಿಸಿಕೊಂಡು ದೇವರ ಬಗ್ಗೆ ಉಪದೇಶ ಮಾಡಲಿಲ್ಲ. ಪೂಜೆ ಮಾಡ್ತಿದ್ದಾಗ ನಾವು ಪಕ್ಕದಲ್ಲಿ ಕೂತರೆ ಕಣ್ಣು ತೆರೆಯದೆಯೇ ಹಣೆಗೆ ವಿಭೂತಿ ಹಚ್ಚುತ್ತಿದ್ದರು, ಅಷ್ಟೇ.

ಅವರ ಜೀವನದ ದೊಡ್ಡ ಕೆಲಸ ಅಂದರೆ ರಾಗಿ. ಸುಗ್ಗಿ ಮುಗಿದು ಕಣದಲ್ಲಿ ರಾಶಿ ಪೂಜೆಯಾದ ಮೇಲೆ ಮೊದಲ ಮೊರ ಮಠಕ್ಕೆ. ನಮ್ಮದೊಂದೇ ಮನೆಯದಲ್ಲ. ಒಂದು ನೋಟ್‌ಬುಕ್ ಹಿಡಿದು ಇಡೀ ಊರು, ಪಕ್ಕದ ಎರಡು ಹಳ್ಳಿ ಮನೆ ಮನೆ ಹತ್ತುತ್ತಿದ್ದರು. ರಾಗಿ, ಹುರುಳಿ, ಅವರೆಕಾಳು, ತೆಂಗಿನಕಾಯಿ, ಅಟ್ಟದ ಕೊಬ್ಬರಿ. ಹೊಲ ಇಲ್ಲದವರು ಹುಣಸೆಹಣ್ಣು ಕೊಟ್ಟರು, ಅದೂ ಇಲ್ಲದವರು ಗಾಡಿಗೆ ಮೂಟೆ ಹೇರಿಕೊಟ್ಟರು. ಎಲ್ಲವೂ ಪುಸ್ತಕದಲ್ಲಿದೆ, ಹೇರಿದವರ ಹೆಸರು ಸಹ. ಆಗ ಎತ್ತಿನ ಗಾಡಿ. ಸುಮಾರು 75 ಕಿಲೋಮೀಟರ್ ದಾರಿ, ಗುಬ್ಬಿಯಲ್ಲಿ ರಾತ್ರಿ ತಂಗಿ, ತುಮಕೂರು ದಾಟಿ ಕ್ಯಾತ್ಸಂದ್ರದ ಹತ್ತಿರ ಬೆಟ್ಟ ಕಂಡಾಗ ಗಾಡಿ ಇಳಿದು ಬರಿಗಾಲಲ್ಲಿ ನಡೆಯುತ್ತಿದ್ದರಂತೆ. ಆಮೇಲೆ ಲಾರಿ ಬಂತು, ಟೆಂಪೋ ಬಂತು. ತಾತ ಕಾಲು ಬಿದ್ದುಹೋಗುವ ತನಕ ಒಂದು ವರ್ಷವೂ ಬಿಡಲಿಲ್ಲ.

ಶುರುವಿನಲ್ಲಿ ಊರಿನ ಕೆಲವರು ತಕರಾರು ತೆಗೆದಿದ್ದರು. ದಲಿತರ ಕಾಲೋನಿಯ ಮನೆಗಳಿಗೂ ತಾತ ಹೋಗುತ್ತಿದ್ದರು, ಅಲ್ಲಿ ಕೂತು ನೀರು ಕುಡಿದು ರಾಗಿ ಇಸ್ಕೊಂಡು ಬರುತ್ತಿದ್ದರು. 1950ರ ದಶಕದಲ್ಲಿ ಅದು ಸಣ್ಣ ವಿಷಯವಲ್ಲ. ‘ಮಠದ ಪಂಕ್ತಿಯಲ್ಲಿ ನನ್ನ ಪಕ್ಕ ಕೂತು ಉಂಡವನು ಯಾರ ಮಗ ಅಂತ ನಾನು ಕೇಳಲಿಲ್ಲ, ಈ ರಾಗಿ ಯಾರ ಮನೇದು ಅಂತ ನೀವು ಕೇಳಬೇಡಿ’ ಅಂದರಂತೆ. ಆ ಮಾತು ಇವತ್ತಿಗೂ ಊರಲ್ಲಿದೆ.

ಶಾಲೆಯಲ್ಲೂ ಅದೇ. ಅಮೆರಿಕದ ಕೇರ್ ಸಂಸ್ಥೆಯವರು ಶಾಲೆ ಮಕ್ಕಳಿಗೆ ಕೊಡುತ್ತಿದ್ದ ಹಿಟ್ಟಿನ ಉಪ್ಪಿಟ್ಟು ನಿಮ್ಮಲ್ಲಿ ಎಷ್ಟು ಜನಕ್ಕೆ ನೆನಪಿದೆಯೋ. ಅದನ್ನು ಬೇಯಿಸಲು ಆಳಿಲ್ಲದ ದಿನ ತಾತನೇ ಪಂಚೆ ಎತ್ತಿ ಕಟ್ಟಿ ಒಲೆ ಮುಂದೆ ಕೂರುತ್ತಿದ್ದರು ಅಂತ ಅವರ ಶಿಷ್ಯರು ಹೇಳುತ್ತಾರೆ. ಪಾಠ ಕಲಿಸಿದ್ದಕ್ಕಿಂತ ಅದನ್ನೇ ಜಾಸ್ತಿ ಹೇಳುತ್ತಾರೆ.

ಈಗ ಹೇಳಿ. ಇಂಥವರಿಗೆ ಏನು ಮಾಡಿದರೆ ಸರಿ?

ಹಳೆ ಹಾಸ್ಟೆಲ್ ಹುಡುಗ (ತುಮಕೂರು)

ಓದಿ ಮೈ ಜುಮ್ಮೆಂದಿತು. ನಿಮ್ಮ ತಾತ ಹೇರಿ ಕಳಿಸಿದ ರಾಗಿಯ ಮುದ್ದೆ ಉಂಡವರಲ್ಲಿ ನಾನೂ ಒಬ್ಬ ಇರಬೇಕು. ನಾನು ಓದಿದ್ದು ಎಂಬತ್ತರ ದಶಕದಲ್ಲಿ. ಬೆಳಿಗ್ಗೆ, ಸಂಜೆ ಬಯಲಲ್ಲಿ ಸಾಲಾಗಿ ಕೂತು ಸಾಮೂಹಿಕ ಪ್ರಾರ್ಥನೆ, ಆಮೇಲೆ ಊಟ. ಎಲ್ಲ ಜಾತಿಯ ಮಕ್ಕಳೂ ಇದ್ದರು, ಮುಸ್ಲಿಂ ಹುಡುಗರೂ ಇದ್ದರು, ಒಂದೇ ಸಾಲು. ಧಾನ್ಯದ ಗಾಡಿ, ಲಾರಿ ಬಂದಾಗ ಇಳಿಸೋಕೆ ನಾವೇ ಓಡುತ್ತಿದ್ದೆವು. ಅದರ ಹಿಂದೆ ಹೀಗೆ ಮನೆ ಮನೆ ಹತ್ತಿದ ಒಬ್ಬ ಮೇಷ್ಟ್ರು ಇರುತ್ತಾರೆ ಅಂತ ಆ ವಯಸ್ಸಲ್ಲಿ ನಮಗೆ ಹೊಳೆದೇ ಇರಲಿಲ್ಲ.

2019ರ ಜನವರಿ 21 ಎಲ್ಲರಿಗೂ ನೆನಪಿದೆ. ಸ್ವಾಮಿಗಳಿಗೆ 111 ವರ್ಷ. ಬೆಳಿಗ್ಗೆ 11.44ಕ್ಕೆ ಲಿಂಗೈಕ್ಯರಾದರು, ಆದರೆ ಮಕ್ಕಳ ಮಧ್ಯಾಹ್ನದ ಊಟ ಮುಗಿದ ಮೇಲೆಯೇ ಸುದ್ದಿ ಹೊರಗೆ ತಿಳಿಸಿದರು. ಮಕ್ಕಳು ಹಸಿದುಕೊಂಡು ಇರಬಾರದು ಅಂತ ಅವರೇ ಹೇಳಿದ್ದರಂತೆ. ಆಗ ಮಠದಲ್ಲಿ ಸುಮಾರು 10 ಸಾವಿರ ಮಕ್ಕಳು. ನಿಮ್ಮ ತಾತ ಆ ಗುರುಗಳ ಶಿಷ್ಯರು ಅನ್ನೋದು ನಿಮ್ಮ ಒಂದೊಂದು ಸಾಲಲ್ಲೂ ಕಾಣುತ್ತೆ. ನನ್ನ ಓಟು ಚಿಕ್ಕಪ್ಪನವರಿಗೆ. ರಾಗಿ ನಿಲ್ಲಿಸಬೇಡಿ.

ಬೆಣ್ಣೆ ನಗರಿ (ದಾವಣಗೆರೆ)

ದೊಡ್ಡಪ್ಪನವರ ಪರವಾಗಿ ಒಂದು ಮಾತು. ಗದ್ದುಗೆ ಅಂದರೆ ಆಡಂಬರ ಅಂತ ತಿಳಿಯೋದು ಬೇಡ. ನಮ್ಮ ಅಜ್ಜನದೂ ತೋಟದಲ್ಲೇ ಇದೆ. ನಾವು ಮೊಮ್ಮಕ್ಕಳು ಬೆಂಗಳೂರು, ಪುಣೆ, ಹೈದರಾಬಾದ್ ಅಂತ ಚದುರಿ ಹೋಗಿದ್ದೇವೆ. ವರ್ಷಕ್ಕೊಮ್ಮೆ ಎಲ್ಲರೂ ಊರಿಗೆ ಬಂದು, ಬಿಲ್ವಪತ್ರೆ ಏರಿಸಿ, ಅಲ್ಲೇ ತೆಂಗಿನ ಮರದ ಕೆಳಗೆ ಕೂತು ಉಂಡು ಹೋಗುತ್ತೇವೆ. ಆ ಜಾಗ ಇಲ್ಲದಿದ್ದರೆ ನಮ್ಮ ಮಕ್ಕಳಿಗೆ ಒಬ್ಬರಿಗೊಬ್ಬರ ಮುಖ ಪರಿಚಯವೂ ಇರುತ್ತಿರಲಿಲ್ಲ. ಮಗನಿಗೆ ತಂದೆಯ ಸಮಾಧಿ ಮೇಲೆ ನಾಲ್ಕು ಕಲ್ಲು ಇಡಬೇಕು ಅನ್ನಿಸೋದು ಸಹಜ. ಅವರ ಮನಸ್ಸು ನೋಯಿಸಬೇಡಿ.

ಗದಗ ಸೀಮಿ

ನಮಸ್ಕಾರ್ರೀ. ನಿಮ್ಮ ತಾತಾರ ಸುದ್ದಿ ಓದಿ ನಮ್ಮ ಅಜ್ಜಾ ಕಣ್ಣ ಮುಂದ ಬಂದ್ ನಿಂತ. ನಮ್ಮ ಅಜ್ಜಾ ಐದ ಹೊತ್ತಿನ ನಮಾಜಿನಾಂವ, ಕೆಲಸ ಬಡಿಗತನ. ಮುಂಗಾರಿ ಬಿತ್ತಗಿ ಹತ್ತರ ಬಂತಂದ್ರ ನಮ್ಮ ಅಂಗಳದಾಗ ಕೂರಿಗಿ, ಕುಂಟಿ ರಿಪೇರಿಗೆ ಸಾಲ ಹಚ್ಚತಿದ್ರು. ಗಂಡ ಸತ್ತ ಹೆಣ್ಮಕ್ಕಳ ಮನಿ ಕೂರಿಗಿ ಮೊದಲ, ರೊಕ್ಕಾ ಇಲ್ಲ. ಉಳಿದವ್ರು ಸಿಟ್ಟ ಮಾಡಿದ್ರ ‘ಮಳಿ ಅಕಿಗೆ ಒಬ್ಬಾಕಿಗೆ ಕಾಯೂದಿಲ್ಲ ತಮ್ಮಾ, ನಿನಗ ಎತ್ತ ಅದಾವು, ಆಳ ಅದಾವು’ ಅಂತಿದ್ದ.

ಊರಾಗ ಯಾರ ತೀರ್ಕೊಂಡ್ರೂ ಕರಿ ಬರೂದು ನಮ್ಮ ಅಜ್ಜಾಗ. ನಮ್ಮ ಮಂದಿ ಇದ್ರ ಜನಾಜಾದ ಕೆಲಸ, ಲಿಂಗಾಯತ್ರು ಇದ್ರ ಹೆಣಾ ಕುಂದರಿಸಿ ಒಯ್ಯೂ ವಿಮಾನ ಕಟ್ಟೂದು. ರಾತ್ರಿ ಇರಲಿ, ಮಳಿ ಇರಲಿ, ಹತಾರ ತಗೊಂಡ ಹೊಂಟ ಬಿಡತಿದ್ದ. ಅದಕ್ಕ ಒಂದ ಪೈಸಾ ಮುಟ್ಟಲಿಲ್ಲ. ಮೊಹರಂದಾಗ ಊರಿನ ಎಲ್ಲಾ ಮನಿಯವ್ರೂ ಬಂದು ಸಕ್ಕರಿ ಓದಿಸ್ಕೊಂಡ ಹೋಗವ್ರು, ನಮ್ಮವ್ವ ಚೊಂಗೆ ಮಾಡಿ ಹಂಚತಿದ್ಲು. ಶಿರಹಟ್ಟಿ ಫಕೀರೇಶ್ವರ ಮಠದ ಜಾತ್ರಿಗೆ ನಮ್ಮನ್ನ ಹೆಗಲ ಮ್ಯಾಲ ಹೊತ್ಕೊಂಡ ಹೋಗಾಂವ.

ಅಜ್ಜಾ ಹೋದ ದಿನ ಖಬರಸ್ತಾನಕ್ಕ ನಡಕೊಂಡ ಬಂದವ್ರೊಳಗ ನಮ್ಮ ಮಂದಿಗಿಂತ ಉಳಿದ ಮಂದೀನ ಹೆಚ್ಚಿದ್ರು. ನಮ್ಮದು ಮಣ್ಣಿನ ಖಬರ್, ಮ್ಯಾಲ ಏನೂ ಕಟ್ಟಿಲ್ಲ. ಆದ್ರ ಅವನ ಹತಾರದ ಪೆಟ್ಟಿಗಿ ನಮ್ಮ ಕಾಕಾ ಇಟ್ಕೊಂಡಾನ. ಈಗ ಟ್ರ್ಯಾಕ್ಟರ್ ಬಂದು ಕೂರಿಗಿ ಕೆಲಸ ಕಡಿಮಿ ಆಗ್ಯಾವು, ಆದ್ರ ಸಾವಿನ ಮನಿಗೆ ಕಾಕಾ ಇವತ್ತಿಗೂ ಹೊಕ್ಕಾನ. ನಿಮ್ಮ ಮನ್ಯಾಗ ಆ ನೋಟ್‌ಬುಕ್ ಯಾರ ಕೈಯಾಗ ಹೋಗತೈತಿ, ಅದನ್ನ ಮೊದಲ ತೀರ್ಮಾನ ಮಾಡ್ರಿ. ಉಳಿದದ್ದು ಆಮ್ಯಾಲ.

ಕುಡ್ಲದ ಮೊಮ್ಮಗಳು

ಗದಗದವರೇ, ನೀವು ಬರೆದದ್ದು ಓದಿ ಅತ್ತುಬಿಟ್ಟೆ.

ನಮ್ಮ ಅಜ್ಜ ಬೆಳ್ತಂಗಡಿ ಕಡೆಯವರು, ಮನೆಯಲ್ಲಿ ಕೊಂಕಣಿ. ಸಂಜೆ ಏಳಕ್ಕೆ ತೇರ್ಸ್, ಅಂದರೆ ಜಪಮಾಲೆ ಪ್ರಾರ್ಥನೆ, ಆಗಬೇಕು, ಅದರ ನಂತರವೇ ಊಟ. ಹೊರಗೆ ಜಡಿಮಳೆ, ಕರೆಂಟು ಇಲ್ಲ, ಚಿಮಿಣಿ ದೀಪದ ಎದುರು ಮೊಣಕಾಲೂರಿ ನಾವೆಲ್ಲ ತೂಕಡಿಸುವುದು, ಅಜ್ಜನ ಧ್ವನಿ ಮಾತ್ರ ಒಂದೇ ಹದದಲ್ಲಿ ಹೋಗುವುದು. ಚರ್ಚಿನ ನಮ್ಮ ವಾಳೆಯ (ವಾರ್ಡಿನ) ಗುರಿಕಾರರಾಗಿದ್ದರು, ಅಂದರೆ ಮುಖ್ಯಸ್ಥರು. ಮೊಂತಿ ಹಬ್ಬಕ್ಕೆ (ಮೇರಿ ಮಾತೆಯ ಹುಟ್ಟುಹಬ್ಬ, ನಮ್ಮ ತೆನೆ ಹಬ್ಬ) ಚರ್ಚಿನಲ್ಲಿ ಆಶೀರ್ವಾದ ಮಾಡಿದ ತೆನೆ ತಂದರೆ ಆಚೆ ಈಚೆ ಮನೆಗಳಿಗೂ ಒಂದೊಂದು ಕೊಟ್ಟು ಬರಬೇಕು.

ನಾನು ಹೇಳಲಿಕ್ಕೆ ಬಂದದ್ದು ಬೇರೆ. 1974ರಲ್ಲಿ ಭೂಸುಧಾರಣೆ ಬಂದಾಗ ಗೇಣಿ ಒಕ್ಕಲುಗಳು ಜಾಗಕ್ಕಾಗಿ ಡಿಕ್ಲರೇಶನ್ ಕೊಡಬೇಕಿತ್ತು. ನಮ್ಮ ಕಡೆ ಆ ಶಬ್ದ ಗೊತ್ತಿಲ್ಲದ ಹಳಬರಿಲ್ಲ. ಓದು ಬಾರದವರಿಗೆ ಅದು ಎಂಥದ್ದು ಅಂತಲೇ ತಿಳಿಯದು, ಜಮೀನಿನ ಧನಿಗಳ ಹೆದರಿಕೆ ಬೇರೆ. ಅಜ್ಜ ಸ್ವತಃ ಗೇಣಿ ಒಕ್ಕಲು. ಐದನೇ ಕ್ಲಾಸು ಕಲಿತಿದ್ದರು ಅಷ್ಟೆ. ಆದರೆ ಸುತ್ತಮುತ್ತಲಿನ ಬಿಲ್ಲವರು, ಗೌಡರು, ಬ್ಯಾರಿಗಳು, ನಮ್ಮವರು, ಯಾರು ಬಂದರೂ ಜಗಲಿಯಲ್ಲಿ ಕೂರಿಸಿ ಬರೆದುಕೊಟ್ಟರು, ಹೆದರಿದವರ ಜೊತೆ ತಾಲೂಕು ಆಫೀಸಿಗೂ ನಡೆದರು. ಇವತ್ತು ಆ ಮನೆಗಳ ಮಕ್ಕಳು ಅಡಿಕೆ ತೋಟ ಮಾಡಿಕೊಂಡು ಚೆನ್ನಾಗಿದ್ದಾರೆ. ಅಜ್ಜ ತೀರಿದಾಗ ಚರ್ಚಿನಲ್ಲಿ ಪಾದ್ರಿಯವರು ಒಳ್ಳೆಯದೇ ಮಾತಾಡಿದರು, ಆದರೆ ಈ ಸಂಗತಿ ಅದರಲ್ಲಿ ಇರಲಿಲ್ಲ, ಯಾಕೆಂದರೆ ಯಾರೂ ಬರೆದಿಟ್ಟಿರಲಿಲ್ಲ. ನನಗೆ ಗೊತ್ತಾದದ್ದು ಬೊಜ್ಜದ (ಉತ್ತರಕ್ರಿಯೆಯ) ದಿನ ಪಕ್ಕದ ಮನೆಯ ಹಿರಿಯರ ಬಾಯಿಂದ.

ನಿಮ್ಮಲ್ಲಿ ಪುಸ್ತಕ ಉಂಟಲ್ಲ, ಅದು ಭಾಗ್ಯ. ಅದನ್ನು ಜೋಪಾನ ಮಾಡಿ. ದಯವಿಟ್ಟು ಲ್ಯಾಮಿನೇಶನ್ ಮಾತ್ರ ಮಾಡಿಸಬೇಡಿ, ಹಳೆ ಕಾಗದ ಹಾಳಾಗುತ್ತದೆ. ಹಗಲು ಬೆಳಕಿನಲ್ಲಿ ಒಂದೊಂದೇ ಪುಟದ ಫೋಟೋ ತೆಗೆದು ಎರಡು ಮೂರು ಮಂದಿಯ ಹತ್ತಿರ ಇರಲಿ. ಮೂಲ ಪ್ರತಿಯನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ ತೇವ ಇಲ್ಲದ ಕಡೆ ಇಡಿ.

ನಿವೃತ್ತ ಟೀಚರ್ (ಅರಸೀಕೆರೆ)

ಎಲ್ಲರೂ ಅಜ್ಜಂದಿರ ಬಗ್ಗೆ ಚೆನ್ನಾಗಿ ಬರೆದಿದ್ದೀರಿ. ನಾನು ಒಂದು ಪ್ರಶ್ನೆ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಮೇಷ್ಟ್ರು ಮನೆ ಮನೆ ತಿರುಗಿ ತಂದ ರಾಗಿಯನ್ನು ಕೇರಿ, ಕಲ್ಲು ಮಣ್ಣು ಆರಿಸಿ, ಮೂಟೆ ಕಟ್ಟೋ ಹಾಗೆ ಮಾಡಿದವರು ಯಾರು? ಗಾಡಿ ಹೊರಡೋ ಹಿಂದಿನ ರಾತ್ರಿ ಹೇರೋಕೆ ಬಂದವರಿಗೆ ಮುದ್ದೆ ತೊಳಸಿದವರು ಯಾರು? ಮೇಷ್ಟ್ರ ಸಂಬಳದಲ್ಲಿ ಮನೆ ನಡೆಸಿಕೊಂಡು, ಬಂದ ಜಂಗಮರಿಗೆ, ಶಿಷ್ಯರಿಗೆ, ನೆಂಟರಿಗೆ ಎಲೆ ಹಾಕಿದವರು ಯಾರು?

ನಮ್ಮ ತಂದೆಯೂ ಇಂಥವರೇ. ಊರಿಗೆಲ್ಲ ದೊಡ್ಡ ಮನುಷ್ಯರು. ನಮ್ಮ ತಾಯಿ ತೀರಿಕೊಂಡ ಮೇಲೆ ಮನೆಗೆ ಬರೋ ಜನವೇ ಕಡಿಮೆಯಾದರು. ಆಗ ಅರ್ಥವಾಯಿತು ಆ ದಾಸೋಹ ನಿಂತಿದ್ದು ಯಾರ ರಟ್ಟೆ ಮೇಲೆ ಅಂತ. ನಿಮ್ಮ ಅಜ್ಜಿ ಇದ್ದಾರೇನಮ್ಮ ಅಥವಾ ಏನಪ್ಪ, ಗೊತ್ತಾಗ್ತಿಲ್ಲ ನೀವು ಯಾರು ಅಂತ. ಇದ್ದರೆ ಅವರನ್ನು ಕೇಳಿದ್ದೀರಾ?

ಕೋಟೆ ವಕೀಲ (ಚಿತ್ರದುರ್ಗ)

ಒಂದು ಕಾಗದ ಪತ್ರದ ಮಾತು. ಮಂಟಪ ಕಟ್ಟುವುದಾದರೆ ಆ ತೋಟ ಇನ್ನೂ ತಾತನ ಹೆಸರಲ್ಲಿದೆಯೋ, ಪೌತಿ ಖಾತೆ ಆಗಿ ವಾರಸುದಾರರ ಹೆಸರಿಗೆ ಬಂದಿದೆಯೋ ನೋಡಿಕೊಳ್ಳಿ. ನಾಳೆ ಮೂವರು ಅಣ್ಣತಮ್ಮಂದಿರು ಭಾಗ ಮಾಡಿಕೊಂಡಾಗ ಸಮಾಧಿ ಒಬ್ಬರ ಪಾಲಿಗೆ ಬೀಳುತ್ತದೆ. ಅವರ ಮಕ್ಕಳು ತೋಟ ಮಾರಿದರೆ ಉಳಿದವರು ಹೋಗಿ ಒಂದು ಹೂವು ಇಡುವುದಕ್ಕೂ ಬೇಲಿ ದಾಟಬೇಕಾಗುತ್ತದೆ. ಇಂಥ ವ್ಯಾಜ್ಯ ಬಹಳ ನೋಡಿದ್ದೇನೆ. ಸಮಾಧಿ ಇರುವ ಸ್ವಲ್ಪ ಜಾಗ, ಅಲ್ಲಿಗೆ ಹೋಗುವ ದಾರಿ ಎರಡನ್ನೂ ಭಾಗಪತ್ರದಲ್ಲಿ ಎಲ್ಲರಿಗೂ ಸೇರಿದ್ದು ಅಂತ ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಸಮೇತ ಬರೆಸಿ, ನೋಂದಾಯಿಸಿ. ಕಲ್ಲು ಆಮೇಲೆ ಯಾವಾಗಲಾದರೂ ಹಾಕಿಸಬಹುದು.

ಕಲ್ಪತರು ತೋಟ (ತಿಪಟೂರು ಕಡೆ)

ಅರಸೀಕೆರೆ ಟೀಚರಮ್ಮ, ನಾನು ಮೊಮ್ಮಗ. ಅಜ್ಜಿ ಇದ್ದಾರೆ, ಕಿವಿ ಸ್ವಲ್ಪ ಮಂದ, ನೆನಪು ಚುರುಕು. ನಿಮ್ಮ ಮಾತು ಓದಿದ ಮೇಲೆ ಊರಿಗೆ ಹೋಗಿ ನೋಟ್‌ಬುಕ್ ಮುಂದಿಟ್ಟುಕೊಂಡು ಅಜ್ಜಿಯ ಹತ್ತಿರ ಕೂತೆ.

ಪುಸ್ತಕದಲ್ಲಿ ಇರುವುದೆಲ್ಲ ಗಂಡಸರ ಹೆಸರು, ಮನೆ ಯಜಮಾನರದು. ನಾನು ಒಂದೊಂದೇ ಹೆಸರು ಜೋರಾಗಿ ಓದಿದೆ. ಅಜ್ಜಿ ಪ್ರತಿಯೊಂದಕ್ಕೂ ‘ಅವನೆಲ್ಲಿ ಕೊಟ್ಟ, ಅವನ ಹೆಂಡ್ತಿ ಅಳೆದು ಹಾಕಿದ್ಲು’ ಅಂತ ಆ ಹೆಣ್ಣುಮಗಳ ಹೆಸರು ಹೇಳುತ್ತಾ ಹೋದರು. ಯಾರು ಸೇರು ತುಂಬಿ ಮೇಲೆ ಗೋಪುರ ಬರುವ ಹಾಗೆ ಸುರಿಯುತ್ತಿದ್ದರು, ಯಾರು ಅತ್ತೆಗೆ ಕಾಣದ ಹಾಗೆ ಇನ್ನೊಂದು ಬೊಗಸೆ ಹಾಕುತ್ತಿದ್ದರು, ಎಲ್ಲ ಗೊತ್ತು. ಕಿಲೋ ಲೆಕ್ಕ ಬಂದ ಮೇಲೂ ಎಷ್ಟೋ ವರ್ಷ ಪುಸ್ತಕದಲ್ಲಿ ಸೇರೇ ಇದೆ, ಅದಕ್ಕೆ ಕಾರಣವೂ ಅವರೇ ಹೇಳಿದರು: ಊರ ಹೆಂಗಸರ ಕೈಯಲ್ಲಿದ್ದದ್ದು ಸೇರು, ತಕ್ಕಡಿ ಅಲ್ಲ.

1966ರ ಪುಟಕ್ಕೆ ಬಂದೆವು. ಬರಗಾಲ. ಪಟ್ಟಿ ಅರ್ಧ ಪುಟವೂ ಇಲ್ಲ. ಕೊನೆಗೆ ತಾತನ ಅಕ್ಷರದಲ್ಲಿ ‘ನಮ್ಮ ಮನೆ, ಹತ್ತು ಸೇರು’ ಅಂತ ಇದೆ. ಅಜ್ಜಿ ಬಹಳ ಹೊತ್ತು ಆ ಪುಟದ ಮೇಲೆ ಕೈ ಇಟ್ಟುಕೊಂಡಿದ್ದರು. ಆ ವರ್ಷ ಕಣಕ್ಕೆ ಏನೂ ಬಂದಿರಲಿಲ್ಲವಂತೆ. ಆ ಹತ್ತು ಸೇರು ಅಜ್ಜಿ ಗುಡಾಣದಲ್ಲಿ ಬೂದಿ ಬೆರೆಸಿ ಇಟ್ಟಿದ್ದ ಬಿತ್ತನೆ ರಾಗಿ. ‘ಈ ವರ್ಷ ಗಾಡಿ ಬೇಡ’ ಅಂತ ತಾತ ಜಗಲಿ ಮೇಲೆ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಒಳಗಿನಿಂದ ತಂದು ಮುಂದೆ ಇಟ್ಟರಂತೆ. ಎಲ್ಲಿಂದ ಬಂತು ಅಂತ ತಾತನಿಗೆ ಗೊತ್ತಾಗಿದ್ದು ಬಿತ್ತನೆಗೆ ಬೀಜ ಕೇಳಿದಾಗ. ಆಮೇಲೆ ಅಜ್ಜಿಯ ತವರಿನಿಂದ ಬೀಜ ತಂದು ಬಿತ್ತಿದರು. ಇದು ನಮ್ಮ ಅಪ್ಪನಿಗೂ ಗೊತ್ತಿರಲಿಲ್ಲ.

‘ಯಾಕಜ್ಜಿ ಕೊಟ್ಟೆ?’ ಅಂದೆ. ‘ನಿಮ್ಮ ತಾತನ ಅವ್ವ ಮಗನ್ನ ಅಲ್ಲಿ ಬಿಟ್ಟು ಬಂದಾಗ ಎಷ್ಟು ಅತ್ತಿದ್ಲೋ, ಅಂಥ ಅವ್ವದಿರು ಆ ವರ್ಷ ಇನ್ನೂ ಎಷ್ಟು ಜನವೋ ಅನ್ನಿಸ್ತು’ ಅಂದರು. ತಾನೂ ದಿನಾ ಅಂಗೈಲಿ ಲಿಂಗ ಹಿಡಿದು ಪೂಜೆ ಮಾಡುವ ಜೀವ ಅದು. ಅದನ್ನು ನಾವು ದಿನಾ ನೋಡಿದ್ದೇವೆ, ತಾತನ ಪೂಜೆಯ ಬಗ್ಗೆ ಮಾತಾಡಿದಷ್ಟು ಅದರ ಬಗ್ಗೆ ಮನೆಯಲ್ಲಿ ಯಾರೂ ಮಾತಾಡಿಲ್ಲ.

ಮರಳುಗಾಡಿನ ಕನ್ನಡಿಗ (ಮಸ್ಕತ್)

ಅಜ್ಜಿ ಹೇಳುವುದನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಿ ಅಣ್ಣ, ಬರೆದುಕೊಂಡರೆ ಧ್ವನಿ ಉಳಿಯುವುದಿಲ್ಲ. ಫ್ಯಾನ್ ಆರಿಸಿ, ಫೋನನ್ನು ಅವರ ಹತ್ತಿರ ಬಟ್ಟೆಯ ಮೇಲೆ ಇಡಿ. ಒಂದೇ ಸಲ ಗಂಟೆಗಟ್ಟಲೆ ಬೇಡ, ಆಯಾಸವಾಗುತ್ತೆ. ನಾನು ನಮ್ಮಜ್ಜನ ಜೊತೆ ವಾರಕ್ಕೊಮ್ಮೆ ಇಲ್ಲಿಂದಲೇ ಫೋನ್ ಮಾಡಿ ಕೇಳುತ್ತಿದ್ದೆ. ‘ನಿಮ್ಮ ಕಾಲ ಹೇಗಿತ್ತು’ ಅಂದರೆ ಏನೂ ಹೇಳುತ್ತಿರಲಿಲ್ಲ. ‘ನಿಮ್ಮ ಎತ್ತಿನ ಹೆಸರೇನು’ ಅಂದರೆ ಸಾಕು, ಮಾತು ನಿಲ್ಲುತ್ತಿರಲಿಲ್ಲ. ಹಾಗೆಯೇ ಪುಸ್ತಕದ ಹೆಸರು ಓದುತ್ತಾ ಕೇಳಿದ್ದೀರಲ್ಲ, ಅದು ಬಹಳ ಒಳ್ಳೆಯ ದಾರಿ.

ಬೆಣ್ಣೆ ನಗರಿ (ದಾವಣಗೆರೆ)

ಆ ಹತ್ತು ಸೇರಿನ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಹೆಂಡತಿ ಕೇಳಿದಳು, ಇದನ್ನು ದೊಡ್ಡಪ್ಪನವರಿಗೆ ಹೇಳಿದ್ದಾರಾ ಅಂತ.

ಕಲ್ಪತರು ತೋಟ (ತಿಪಟೂರು ಕಡೆ)

ಹೇಳಿದೆ. ಅಜ್ಜಿಯ ಎದುರೇ, ಎಲ್ಲರೂ ಕೂತಿದ್ದಾಗ. ದೊಡ್ಡಪ್ಪ ಎದ್ದು ಹೋಗಿ ಅವರ ಕಾಲ ಹತ್ತಿರ ಕೂತುಬಿಟ್ಟರು. ಅಷ್ಟು ವಯಸ್ಸಿನ ಮನುಷ್ಯ ಅಳುವುದು ನಾನು ನೋಡಿದ್ದು ತಾತ ಹೋದ ದಿನ ಬಿಟ್ಟರೆ ಆವತ್ತೇ.

ತೀರ್ಮಾನ ಹೀಗಾಗಿದೆ. ಗದ್ದುಗೆ ಆಗುತ್ತದೆ, ಚಿಕ್ಕದು, ಮಂಟಪ ಇಲ್ಲ. ದಾವಣಗೆರೆಯವರು ಹೇಳಿದ ಹಾಗೆ ಕೂತು ಉಣ್ಣುವುದಕ್ಕೆ ಸುತ್ತ ಒಂದು ಕಟ್ಟೆ. ವಕೀಲರು ಹೇಳಿದಂತೆ ಪೌತಿ ಖಾತೆಗೆ ಅರ್ಜಿ ಹಾಕಿದ್ದೇವೆ, ದಾರಿಯ ವಿಷಯ ಮೂವರೂ ಒಪ್ಪಿ ಬರೆದುಕೊಂಡಿದ್ದಾರೆ. ನೋಟ್‌ಬುಕ್ ಚಿಕ್ಕಪ್ಪನ ಮಗಳ ಕೈಗೆ ಹೋಗಿದೆ. ಅವಳು ಊರಲ್ಲೇ ಇರುವವಳು, ಹಾಲಿನ ಡೇರಿಯ ಲೆಕ್ಕ ನೋಡಿಕೊಳ್ಳುತ್ತಾಳೆ, ಎಲ್ಲ ಮನೆ ಗೊತ್ತು. ಹಳೆಯ ಪುಟಗಳ ಫೋಟೋ ತೆಗೆದಾಗಿದೆ. ಪ್ರತಿ ಹೆಸರಿನ ಪಕ್ಕ ಅಜ್ಜಿ ಹೇಳಿದ ಹೆಸರನ್ನು ಬೇರೆ ಪುಸ್ತಕದಲ್ಲಿ ಬರೆಯುತ್ತಿದ್ದಾಳೆ. ಹೊಸ ಪಟ್ಟಿಯಲ್ಲಿ ಮನೆಗೆ ಇಬ್ಬರ ಹೆಸರು.

ಈಗ ನಮ್ಮ ಕಡೆ ರಾಗಿ ಬೆಳೆಯುವವರು ಕಡಿಮೆ, ಎಲ್ಲ ತೆಂಗು, ಅಡಿಕೆ. ಆದರೂ ಕೇಳಿದ ಮನೆ ಯಾವುದೂ ಇಲ್ಲ ಅನ್ನಲಿಲ್ಲ. ಕೆಲವರು ಕೊಬ್ಬರಿ ಕೊಡುತ್ತೇವೆ ಅಂದರು. ಬೆಂಗಳೂರಲ್ಲಿರುವ ತಾತನ ಶಿಷ್ಯರೊಬ್ಬರು ಟೆಂಪೋ ಬಾಡಿಗೆ ತಮ್ಮದು ಅಂತ ಫೋನ್ ಮಾಡಿದರು. ಮಠಕ್ಕೂ ಮುಂಚಿತವಾಗಿ ತಿಳಿಸಿ ಕೇಳಿಕೊಂಡು ಹೋಗುತ್ತೇವೆ.

ಪುಣ್ಯಸ್ಮರಣೆ ಕಾರ್ತಿಕದಲ್ಲೇ ಮನೆಯಲ್ಲಿ ನಡೆಯುತ್ತದೆ. ರಾಗಿ ಕಣಕ್ಕೆ ಬರುವುದು ಅದಾದ ಮೇಲೆ, ಹಾಗಾಗಿ ಟೆಂಪೋ ಹೊರಡುವುದು ಜನವರಿ 21ರ ದಾಸೋಹ ದಿನಕ್ಕೆ ಮುಂಚೆ. ಅಜ್ಜಿಯನ್ನು ಮುಂದಿನ ಸೀಟಲ್ಲಿ ಕೂರಿಸಿಕೊಂಡು ಹೋಗುತ್ತೇವೆ. ಇಷ್ಟು ವರ್ಷ ರಾಗಿ ಕೇರಿ ಕಳಿಸಿದ್ದಾರೆ, ಗಾಡಿಯ ಜೊತೆ ಒಮ್ಮೆಯೂ ಹೋದವರಲ್ಲ. ಗುಬ್ಬಿ, ನಿಟ್ಟೂರು ಕಡೆಯವರು ಯಾರಾದರೂ ದಾರಿಯಲ್ಲಿ ನಿಮ್ಮ ಮನೆಯ ರಾಗಿಯನ್ನೂ ಸೇರಿಸುವುದಾದರೆ ಇಲ್ಲೇ ಬರೆಯಿರಿ, ಟೆಂಪೋದಲ್ಲಿ ಜಾಗ ಇದೆ.